ಎರಡೂವರೆ ಅಡಿ ಸಮುದ್ರ

ಸಮುದ್ರವು ಮನುಷ್ಯನಿಗೆ ವಿನಯವನ್ನು ಕಲಿಸುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ನನ್ನ ಸಮುದ್ರ ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ. ಅದು ನನಗೆ ಕಲಿಸಿರುವುದು ನೆಲ ಒರೆಸುವುದನ್ನು.

ಈ ಸಮುದ್ರ ಇರುವುದು ಕೆ.ಜಿ.ಎಫ್.ನಲ್ಲಿ, ಮೈಸೂರು ಮೈನ್ಸಿನ ಹಳೆಯ ಸಾಲುಮನೆಯೊಂದರ ಮುಂದಿನ ಕೋಣೆಯಲ್ಲಿ. ಚಿನ್ನಕ್ಕಾಗಿ ಪಾತಾಳದವರೆಗೆ ಇಳಿದು ಬಂದ ಊರು ಇದು; ಕುಡಿಯುವ ನೀರಿಗೆ ಮಾತ್ರ ಇಂದಿಗೂ ಕ್ಯಾನು ಹಿಡಿದು ನಿಲ್ಲುತ್ತದೆ. ಇಂಥ ಕಡೆ ಸಮುದ್ರವನ್ನು ಸಾಕಲು ಹೊರಡುವವನ ಬುದ್ಧಿಯ ಬಗ್ಗೆ ಓದುಗರಿಗೆ ಏನನ್ನಿಸುತ್ತದೋ, ನಮ್ಮ ಬೀದಿಯವರಿಗೂ ಅದೇ ಅನ್ನಿಸಿತು.

ನಾನು ಬಂಗಾರಪೇಟೆಯಲ್ಲಿ ಟೈಪಿಂಗ್ ಕಲಿಸುತ್ತೇನೆ. ಈ ಕಾಲದಲ್ಲೂ ಕಲಿಯುವವರಿದ್ದಾರೆಯೇ ಎಂದರೆ, ಇದ್ದಾರೆ. ಯಂತ್ರಗಳಿಗಿಂತ ಸ್ವಲ್ಪ ಕಡಿಮೆ ಇದ್ದಾರೆ. ಬೆಳಿಗ್ಗೆ ಮಾರಿಕುಪ್ಪಂನಲ್ಲಿ ರೈಲುಗಾಡಿ ಹತ್ತಿ ಸಂಜೆ ಅಲ್ಲೇ ಇಳಿಯುತ್ತೇನೆ. ಮದುವೆಯಾಗಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ವಿಷಯ ಮುಂದಕ್ಕೆ ಹೋಗುತ್ತ ಹೋಗುತ್ತ ಎಲ್ಲೋ ಹಿಂದೆ ಉಳಿದುಬಿಟ್ಟಿತು. ಮನೆಯಲ್ಲಿ ಅಕ್ಕ ಇದ್ದಳು. ಅಕ್ಕ ಎಂದರೆ ಸದ್ದು. ಪಾತ್ರೆಯ ಸದ್ದು, ರೇಡಿಯೋದ ಸದ್ದು, ಪಕ್ಕದ ಮನೆಯ ಅಮ್ಮನ ಜೊತೆ ನಡುಗೋಡೆಯ ಮೂಲಕವೇ ನಡೆಯುತ್ತಿದ್ದ ಮಾತುಕತೆಯ ಸದ್ದು. ‘ಸ್ವಲ್ಪ ನಿಶ್ಶಬ್ದವಾಗಿರಬಾರದೇ?’ ಎಂದು ನಾನು ಮೂವತ್ತು ವರ್ಷ ಅರ್ಜಿ ಹಾಕುತ್ತಲೇ ಬಂದೆ. ಅಕ್ಕ ತೀರಿಕೊಂಡ ಮೇಲೆ ಅರ್ಜಿ ಮಂಜೂರಾಯಿತು. ನಮ್ಮ ಮನೆಯ ಗೋಡೆ ಗಡಿಯಾರಕ್ಕೂ ಸದ್ದಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಅದಾದ ಸ್ವಲ್ಪ ಕಾಲಕ್ಕೆ ಟೈಪ್‌ರೈಟರ್ ರಿಬ್ಬನ್ ತರಲು ಬೆಂಗಳೂರಿಗೆ ಹೋದವನು, ಬಿಸಿಲಿಗೆ ಅಂಜಿ ಒಂದು ಮೀನಿನ ಅಂಗಡಿಯ ಒಳಗೆ ನಿಂತೆ. ಸಾಕುವ ಮೀನಿನ ಅಂಗಡಿ. ಸಾಲಾಗಿ ಗಾಜಿನ ತೊಟ್ಟಿಗಳು, ಪ್ರತಿಯೊಂದರಲ್ಲೂ ಮೋಟಾರು. ಗುರ್ರೆಂಬ ಸಣ್ಣ ಸದ್ದು, ಅದರ ಮೇಲೆ ಗುಳುಗುಳು. ಯಾರೋ ಒಳಮನೆಯಲ್ಲಿ ಕೆಲಸ ಮಾಡಿಕೊಂಡು ಓಡಾಡುತ್ತಿರುವಂತಿತ್ತು. ರಿಬ್ಬನ್ ಮರೆತು ತೊಟ್ಟಿ ಕೊಂಡೆ.

ಸಿಹಿನೀರಿನ ಮೀನು ಸುಲಭ, ಉಪ್ಪುನೀರಿನದು ಕಷ್ಟ ಎಂದು ಅಂಗಡಿಯವನು ಎಚ್ಚರಿಸಿದ. ಕಷ್ಟವಾದರೆ ಭಾನುವಾರಗಳು ಕಳೆಯುತ್ತವೆ ಎಂದು ಲೆಕ್ಕ ಹಾಕಿ ಉಪ್ಪುನೀರಿನದನ್ನೇ ಆರಿಸಿದೆ. ಜೋಡಿ ಮೀನು ತಂದೆ. ಒಂದು ಮೊದಲ ವಾರವೇ ತೀರಿಕೊಂಡಿತು. ಉಳಿದದ್ದು ಒಂದು. ಹೆಬ್ಬೆರಳಿನಷ್ಟು ಉದ್ದ, ಕನಕಾಂಬರದ ಬಣ್ಣ, ಮೈಗೆ ಅಡ್ಡಲಾಗಿ ಮೂರು ಬಿಳಿ ಪಟ್ಟೆ. ಮನೆಯಲ್ಲಿ ಹೀಗೆ ಇಬ್ಬರು ಒಂಟಿಗಳಾದೆವು. ಅವನಿಗೆ ನನಗಿಂತ ಒಳ್ಳೆಯ ಬಣ್ಣವಿತ್ತು.

ಸಮುದ್ರ ಮಾಡುವ ವಿಧಾನ ಹೀಗೆ. ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತರುವುದು, ಅದಕ್ಕೆಂದೇ ಬರುವ ಉಪ್ಪನ್ನು ಕಲಸುವುದು, ವಾರಕ್ಕೊಮ್ಮೆ ತೊಟ್ಟಿಯ ನೀರು ಸ್ವಲ್ಪ ತೆಗೆದು ಇದನ್ನು ತುಂಬುವುದು. ನಮ್ಮ ಬಂಗಾರಪೇಟೆಯ ಪಾನಿಪುರಿಯ ನೀರಿನ ಹಾಗೆ ಇದೂ ನೋಡುವುದಕ್ಕೆ ತಿಳಿ; ಒಳಗೇನಿದೆ ಎಂಬುದು ಬಾಯಿಗೆ ಬಿದ್ದವನಿಗೇ ಗೊತ್ತು. ಈ ಸಂಗತಿ ಘಟಕದ ಸಾಲಿನಲ್ಲಿ ನಿಂತವರಿಗೆ ಹೇಗೋ ತಿಳಿದುಹೋಯಿತು.

‘ಏನ್ ಮೇಷ್ಟ್ರೇ, ಮೀನು ತಂದವ್ರಂತೆ. ಸಾರಿಗಾ?’ ಎಂದು ಒಬ್ಬರು ಕೇಳಿದರು.

‘ಅಲ್ಲ, ಸಾಕುವುದಕ್ಕೆ.’

‘ಎಷ್ಟು ತೂಗ್ತದೆ?’

‘ತೂಗಿಲ್ಲ. ಇಷ್ಟುದ್ದ ಇದೆ’ ಎಂದು ಹೆಬ್ಬೆರಳು ತೋರಿಸಿದೆ.

ಅವರು ಹೆಬ್ಬೆರಳನ್ನೂ ನನ್ನ ಇಪ್ಪತ್ತು ಲೀಟರಿನ ಕ್ಯಾನನ್ನೂ ಒಂದಾದ ಮೇಲೊಂದು ನೋಡಿ, ಹಿಂದೆ ನಿಂತಿದ್ದವನ ಕಡೆ ತಿರುಗಿದರು. ‘ನೋಡ್ಲಾ. ಬೋರಿನ ಉಪ್ಪುನೀರು ಕುಡಿದೂ ಕುಡಿದೂ ಬಾಯಲ್ಲಿರೋ ಅಲ್ಲೆಲ್ಲ ಓಯ್ತು ಅಂತ ನಾವು ಇಲ್ಲಿಗ್ ಬತ್ತೀವಿ. ಇವ್ರು ಇಲ್ಲಿಂದ ಸಿಹಿನೀರು ಒತ್ಕೊಂಡೋಗಿ ಉಪ್ಪಾಕ್ತಾರಂತೆ ಕಣ್ಲಾ!’

‘ಓದಿದೋರು ಬಿಡಣ್ಣೋ’ ಎಂದ ಹಿಂದಿನವನು. ಅಲ್ಲಿಗೆ ವಿಚಾರಣೆ ಮುಗಿಯಿತು.

ಬೀದಿಯಲ್ಲಿ ಈ ಯೋಜನೆಗೆ ಬೆಂಬಲ ಕೊಟ್ಟ ಏಕೈಕ ವ್ಯಕ್ತಿ ಪಕ್ಕದ ಮನೆಯ ಅಮ್ಮ. ಕ್ಯಾಸಂಬಳ್ಳಿ ಕಡೆಯಿಂದ ಗಣಿಯವನ ಹೆಂಡತಿಯಾಗಿ ಬಂದವರು. ಕನ್ನಡದಲ್ಲಿ ಶುರುಮಾಡಿ, ತಮಿಳಿನಲ್ಲಿ ಬೈದು, ತೆಲುಗಿನಲ್ಲಿ ಅಯ್ಯೋ ಎನ್ನುವವರು. ಯಜಮಾನರು ಗಣಿಯ ಶಾಫ್ಟಿನ ಬಳಿ, ಆಳುಗಳು ಇಳಿಯುವ ಪಂಜರವನ್ನು ಮೇಲೆ ಕೆಳಗೆ ಎಳೆಯುವ ದೊಡ್ಡ ಮಿಷನ್ನಿನಲ್ಲಿ ಕೆಲಸಕ್ಕಿದ್ದರು, ಈಗ ಅವರಿಲ್ಲ. ನಮ್ಮ ಮನೆಯ ಬೀಗಕ್ಕೆ ಎರಡು ಕೀಲಿಕೈ. ಒಂದು ನನ್ನದು. ಇನ್ನೊಂದು ಅಕ್ಕನದು, ಅದನ್ನು ಅಕ್ಕ ಯಾವತ್ತೋ ಆ ಅಮ್ಮನ ಕೈಗೆ ಕೊಟ್ಟಿದ್ದಳು. ಅಕ್ಕ ಹೋದ ಮೇಲೂ ಅದು ಅವರ ಸೆರಗಿನ ಗಂಟಿನಲ್ಲೇ ಇತ್ತು. ನಾನು ಕೇಳಲಿಲ್ಲ, ಅವರು ಕೊಡಲಿಲ್ಲ. ಆಗಾಗ ಸಂಜೆ ಬಂದಾಗ ಅಡುಗೆಮನೆಯಲ್ಲಿ ಮುಚ್ಚಿಟ್ಟ ಒಂದು ಬಟ್ಟಲು ಹುಳಿ ಸಿಗುತ್ತಿತ್ತು. ಅದರ ಬಗ್ಗೆಯೂ ಮಾತಿರಲಿಲ್ಲ.

ಮೀನನ್ನು ಮೊದಲ ಸಲ ನೋಡಿದಾಗ ಅವರು ಕೈ ಮುಗಿದರು.

‘ಮೂರು ಪಟ್ಟೆ ವಿಭೂತಿ ಆಕ್ಕೊಂಡವ್ನೆ ಮೇಷ್ಟ್ರೇ! ಇದು ಮೀನಲ್ಲ, ಸಾಮಿ.’

‘ಅದು ಹುಟ್ಟಿನಿಂದ ಬಂದ ಬಣ್ಣ’ ಎಂದೆ.

‘ಅದೇ ನಾನೂ ಏಳಿದ್ದು. ನಾವಾದ್ರೆ ದಿನಾ ಬಳ್ಕೋಬೇಕು.’

ಅಂದಿನಿಂದ ಅವನು ಸಾಮಿಯಾದ. ಸಾಮಿಯ ದಿನಚರಿ ಸರಳ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಇರುತ್ತಿದ್ದ. ಸಂಜೆ ನಾನು ಬಾಗಿಲು ತೆಗೆದ ಸದ್ದಿಗೆ ಗಾಜಿನ ಬಳಿ ಬಂದು ಮೈಯೆಲ್ಲ ಅಲ್ಲಾಡಿಸುತ್ತಿದ್ದ. ಅದು ಊಟದ ಆಸೆಯೇ ಹೊರತು ಪ್ರೀತಿಯಲ್ಲ ಎಂದು ಬಲ್ಲೆ. ಆದರೂ ಸಂಜೆಯ ಗಾಡಿಯಿಂದ ಇಳಿಯುವವರಲ್ಲಿ ಹೆಚ್ಚಿನವರಿಗೆ ಮನೆಯಲ್ಲಿ ಅಷ್ಟೂ ಸ್ವಾಗತ ಇರುವುದಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಅವನಿಗೆ ಆ ದಿನದ ವರದಿ ಒಪ್ಪಿಸುತ್ತಿದ್ದೆ: ಯಾರು ಬರಲಿಲ್ಲ, ಯಾವ ಯಂತ್ರದ ಯಾವ ಅಕ್ಷರ ಸಿಕ್ಕಿಕೊಂಡಿತು. ಅವನು ಬಾಯಿ ತೆರೆದು ಮುಚ್ಚುತ್ತಿದ್ದ. ಸಭೆಯಲ್ಲಿ ಅದಕ್ಕಿಂತ ಹೆಚ್ಚು ಯಾರು ಮಾಡುತ್ತಾರೆ?

ಹೀಗೆ ವರ್ಷ ಕಳೆದು ಆಯುಧಪೂಜೆ ಬಂತು. ಬಂಗಾರಪೇಟೆಗೆ ಹೋಗಿ ಯಂತ್ರಗಳನ್ನು ಒರೆಸಿ, ಹೂ ಇಟ್ಟು, ನಿಂಬೆಹಣ್ಣು ಕತ್ತರಿಸಿ, ಬಂದಿದ್ದ ಇಬ್ಬರು ವಿದ್ಯಾರ್ಥಿಗಳಿಗೆ ಕಡಲೆಪುರಿ ಹಂಚಿ ಸಂಜೆಯ ಗಾಡಿ ಹಿಡಿದೆ. ಮನೆಯ ಬಳಿ ಬರುತ್ತಿದ್ದಂತೆ ಸಾಂಬ್ರಾಣಿಯ ವಾಸನೆ ಬಂತು. ಅಕ್ಕ ಹೋದ ಮೇಲೆ ನಮ್ಮ ಮನೆಯಿಂದ ಆ ವಾಸನೆ ಬಂದಿರಲಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ನಾನು ಮೆಟ್ಟಿಲ ಮೇಲೆ ನಿಂತೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಒಳಗೆ ಹೊಗೆಯೋ ಹೊಗೆ. ತೊಟ್ಟಿಯ ಗಾಜಿಗೆ ಅರಿಶಿನ ಕುಂಕುಮದ ಬೊಟ್ಟು, ಮೇಲೆ ಸೇವಂತಿಗೆಯ ಸರ. ಮೇಜಿನ ಕೆಳಗೆ, ನೀರಿಗೆ ಗಾಳಿ ಊದುವ ಪುಟ್ಟ ಪಂಪಿಗೂ ಒಂದು ಬೊಟ್ಟು, ಒಂದು ಹೂವು. ಅದರ ಎದುರಿಗೇ ನಿಗಿನಿಗಿ ಕೆಂಡದ ಧೂಪದ ಬಟ್ಟಲು. ಪಂಪು ಪಾಪ, ತನ್ನ ಕೆಲಸ ಮಾಡುತ್ತಿತ್ತು. ಎದುರಿಗಿದ್ದ ಹೊಗೆಯನ್ನು ಎಳೆದು ಎಳೆದು ನೀರಿನೊಳಕ್ಕೆ ಬಿಡುತ್ತಿತ್ತು. ಮೇಲಕ್ಕೆ ಬಂದ ಗುಳ್ಳೆಗಳು ಒಡೆದಾಗ ಪ್ರತಿಯೊಂದರಿಂದಲೂ ಒಂದೊಂದು ಎಳೆ ಬಿಳಿ ಹೊಗೆ ಏಳುತ್ತಿತ್ತು. ಸಾಮಿ ನೀರಿನ ಮೇಲ್ಭಾಗದಲ್ಲಿ ಓರೆಯಾಗಿ, ಕಿವಿರು ಬಡಿಯುತ್ತ ತೇಲುತ್ತಿದ್ದ.

ಪಂಪಿನ ವೈರು ಕಿತ್ತೆ. ಅಷ್ಟರಲ್ಲಿ ಪಕ್ಕದ ಮನೆಯ ಅಮ್ಮ ತಟ್ಟೆಯಲ್ಲಿ ಸಿಹಿ ಹಿಡಿದು, ನಗುತ್ತ ಬಂದರು.

‘ನಿಮ್ ಗಾಡಿ ಒತ್ತಿಗೇ ಸರ್ಯಾಗಿ ಆಕಿದೀನಿ. ಎಂಗೈತೆ ಗಮಗಮ? ವರ್ಸ ಆಯ್ತು ಮೇಷ್ಟ್ರೇ, ಆ ಮೋಟ್ರು ಅಗಲೂ ರಾತ್ರಿ ಓಡ್ತದೆ, ಒಂದು ಊವಾ ಕಂಡಿಲ್ಲ. ನಮ್ಮೆಜಮಾನ್ರು ಏಳೋರು, ಪೂಜೆ ಕಾಣ್ದಿದ್ ಮಿಷನ್ನು ಜೀವ ಕೇಳ್ತದೆ ಅಂತ.’

‘ಕೇಳುತ್ತಿದೆ, ನೋಡಿ’ ಎಂದು ತೊಟ್ಟಿ ತೋರಿಸಿದೆ.

ಅವರು ನೋಡಿದರು. ಗುಳ್ಳೆ, ಹೊಗೆ, ಪಂಪು, ಕೆಂಡ. ಗಣಿಯ ಮನೆಯವರಿಗೆ ಒಳಗಿನವನಿಗೆ ಗಾಳಿ ಕೆಡುವುದು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಅಯ್ಯೋ ದೇವುಡಾ’ ಎಂದರು.

ಇಲ್ಲಿ ನಾನು ಬೈಯಬೇಕಿತ್ತು. ನಮ್ಮ ಬೀದಿಯಲ್ಲಿ ಬೈಗುಳಕ್ಕೆ ಬೆಲೆಯಿಲ್ಲ. ಬೆಳಿಗ್ಗೆ ಬೈದವರು ಸಂಜೆ ಕಾಫಿಪುಡಿ ಕೇಳಲು ಬರುತ್ತಾರೆ. ಆದರೆ ನನಗೆ ಸಿಟ್ಟು ಬಂದಾಗ ವ್ಯಾಕರಣ ಬರುತ್ತದೆ. ‘ಇನ್ನು ಮುಂದೆ ದಯವಿಟ್ಟು ನಾನು ಇಲ್ಲದಿರುವಾಗ ಮನೆಯೊಳಗೆ ಬರಬೇಡಿ’ ಎಂದೆ, ಟೈಪು ಮಾಡಿದ ಹಾಗೆ.

ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟರು. ಧೂಪದ ಬಟ್ಟಲನ್ನು ಎತ್ತಿ ಹೊರಗೆ ಕೊಂಡುಹೋದರು. ನೀರು ಬದಲಿಸಲು ನನ್ನಲ್ಲಿದ್ದದ್ದು ಅರ್ಧ ಕ್ಯಾನು. ಹಬ್ಬಕ್ಕೆ ಘಟಕ ಮುಚ್ಚಿತ್ತು. ನಾನು ಅದನ್ನೇ ಹಿಡಿದು ಯೋಚಿಸುತ್ತ ನಿಂತಿರುವಾಗ ಅವರು ಎರಡು ಬಿಂದಿಗೆಗಳೊಂದಿಗೆ ಮರಳಿ ಬಂದರು. ಅವರ ಮನೆಯ ಕುಡಿಯುವ ನೀರು, ಘಟಕದ್ದೇ.

ನಾನು ಅಳೆದು ಉಪ್ಪು ಹಾಕಿದೆ. ಕರಗುವುದಕ್ಕೂ ಗಾಳಿ ಸೇರುವುದಕ್ಕೂ ಪುರುಸೊತ್ತಿರಲಿಲ್ಲ. ಅವರು ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು, ಕಾಫಿ ಆರಿಸುವ ಹಾಗೆ ಎರಡು ಪಾತ್ರೆಗಳ ನಡುವೆ ಎತ್ತರದಿಂದ ಎತ್ತರಕ್ಕೆ ಸುರಿಯತೊಡಗಿದರು. ನಾನೂ ಸುರಿದೆ. ತೊಟ್ಟಿಯಿಂದ ಹಳೆಯ ನೀರು ತೆಗೆದೆ, ಹೊಸದನ್ನು ತುಂಬಿದೆ, ಅವರು ಮತ್ತೆ ಸುರಿದರು. ಪಂಪನ್ನು ಕಿಟಕಿಯ ಆಚೆ ನೇತುಹಾಕಿ ಕೊಳವೆಯನ್ನು ಮಾತ್ರ ಒಳಗೆ ಎಳೆದು ಚಾಲೂ ಮಾಡಿದೆ. ನೆಲವೆಲ್ಲ ನೀರು. ಅಕ್ಕ ಹೋದ ಮೇಲೆ ಆ ಮನೆಯಲ್ಲಿ ಅಷ್ಟು ಸದ್ದು ಆಗಿರಲಿಲ್ಲ. ಪಾತ್ರೆಯ ಸದ್ದು, ಬಿಂದಿಗೆಯ ಸದ್ದು, ಬಳೆಯ ಸದ್ದು. ಗೋಡೆಯಾಚೆಯಿಂದ ಅರ್ಧ ದಿನ ಮಾತಾಡಬಲ್ಲ ಹೆಂಗಸು ಎದುರಿಗೆ ನಿಂತು ಒಂದು ಮಾತೂ ಆಡಲಿಲ್ಲ.

ಸಾಮಿ ಸ್ವಲ್ಪ ಹೊತ್ತಿನ ಮೇಲೆ ನೆಟ್ಟಗಾದ. ಕಲ್ಲಿನ ಸಂದಿಗೆ ಹೋಗಿ ಕೂತ. ಅವರು ಅದನ್ನು ನೋಡಿ, ಸೆರಗಿನಿಂದ ಕೈ ಒರೆಸಿಕೊಂಡು ಹೊರಟರು.

ಬೆಳಿಗ್ಗೆ ನಾನು ಎದ್ದಾಗ ಅವನು ಗಾಜಿನ ಬಳಿ ಇದ್ದ, ಮೈ ಅಲ್ಲಾಡಿಸುತ್ತ. ಊಟ ಹಾಕಿದೆ, ತಿಂದ. ಈ ಸುದ್ದಿ ಹೇಳೋಣವೆಂದು ಬಾಗಿಲು ತೆಗೆದರೆ, ಹೊರಗಿನ ಚಿಲಕಕ್ಕೆ ಅಕ್ಕನ ಕೀಲಿಕೈ ತೂಗುತ್ತಿತ್ತು. ಅರಿಶಿನದ ದಾರದಲ್ಲಿ.

ಮರೆತು ಬಿಟ್ಟುಹೋಗಿದ್ದಾರೆ ಎಂದುಕೊಂಡವನಂತೆ ಅದನ್ನು ಹಿಡಿದು ಪಕ್ಕದ ಮನೆಗೆ ಹೋದೆ. ಅವರು ಬಾಗಿಲ ಬಳಿ ಸೊಪ್ಪು ಬಿಡಿಸುತ್ತಿದ್ದರು.

‘ಸಾಮಿ ಎಂಗವ್ನೆ?’

‘ಊಟ ಮಾಡಿದ.’

‘ಅಬ್ಬ, ಬಿಡಿ.’ ಒಂದು ದಂಟು ಮುರಿದರು.

‘ಇದು...’ ಎಂದು ಕೀಲಿಕೈ ಚಾಚಿದೆ.

‘ಇರ್ಲಿ ಮೇಷ್ಟ್ರೇ. ನಿಮ್ ಮನೆ ಬೀಗ, ನಿಮ್ಮತ್ರಾನೇ ಇರ್ಲಿ. ನಂಗೂ ವಯಸಾಯ್ತು, ಎಲ್ಲಾದ್ರೂ ಬೀಳಿಸ್ಕೊಂಡೇನು.’

‘ಪಂಪು ಈಗ ಕಿಟಕಿಯ ಆಚೆ ಇದೆ. ಒಳಗೆ ಸಾಂಬ್ರಾಣಿ ಹಾಕಿದರೆ ಏನೂ ತೊಂದರೆಯಿಲ್ಲ. ಶುಕ್ರವಾರ ಬೇಕಾದರೆ...’

‘ನಮ್ಮನೇಲಿ ಆಕ್ತೀನಲ್ಲ’ ಎಂದರು, ನಗುತ್ತಲೇ. ‘ಒಗೆಗೇನು ಕೀಲಿಕೈ ಬೇಕಾ? ಗೋಡೆ ದಾಟ್ಕೊಂಡು ಬತ್ತದೆ.’

ಅದು ನಿಜ. ಶುಕ್ರವಾರ ಸಂಜೆ ಗೋಡೆಯ ಮೇಲ್ಭಾಗದ ಹಂಚಿನ ಸಂದಿಯಿಂದ ಸ್ವಲ್ಪ ಬರುತ್ತದೆ. ನಾನು ಕಿಟಕಿ ಮುಚ್ಚುವುದಿಲ್ಲ. ಬೀದಿಯಲ್ಲಿ ಸಿಕ್ಕಾಗ ಅವರು ಮೊದಲಿನಂತೆಯೇ ಮಾತಾಡಿಸುತ್ತಾರೆ, ಸಾಮಿಯ ಆರೋಗ್ಯ ವಿಚಾರಿಸುತ್ತಾರೆ, ನೀರಿನ ಸಾಲಿನಲ್ಲಿ ನನ್ನ ಪರವಾಗಿ ಜಗಳವಾಡಿದರೆಂದೂ ಕೇಳಿದೆ. ಅಡುಗೆಮನೆಯಲ್ಲಿ ಮುಚ್ಚಿಟ್ಟ ಬಟ್ಟಲು ಇರುವುದಿಲ್ಲ, ಅಷ್ಟೇ. ನಾನೂ ಹೊಸ್ತಿಲಿನ ಈಚೆಯಿಂದ ‘ಬನ್ನಿ ಒಳಗೆ’ ಎಂದು ಹಲವು ಸಲ ಕರೆದಿದ್ದೇನೆ. ‘ಬತ್ತೀನಿ ಬತ್ತೀನಿ’ ಎನ್ನುತ್ತಾರೆ. ನಮ್ಮ ಕಡೆ ಹಾಗೆಂದರೆ ಹೋಗುತ್ತೇನೆ ಎಂದು ಅರ್ಥ.

ಮೀನು ಬದುಕಿದೆ. ಕೀಲಿಕೈ ನನ್ನ ಬಳಿ ಎರಡಿವೆ.