ಅದೀರೇನ್ರಿ?

ಗಣಿ ಲಾರಿಗಳು ಹಗಲಿಡೀ ಓಡುತ್ತಿದ್ದ ಕಾಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕ ನಾವೊಂದಷ್ಟು ಜನ ತಗಡಿನ ಶೆಡ್ಡು ಹಾಕಿಕೊಂಡಿದ್ದೆವು. ಶೆಡ್ಡು ನಮ್ಮದು, ಕೆಳಗಿನ ನೆಲ ಒಬ್ಬ ಮುದುಕಿಯದು. ತಿಂಗಳಿಗೊಮ್ಮೆ ಬಾಡಿಗೆ ಕೇಳಲು ಬಂದು ಆಕೆ, "ಅದೀರೇನ್ರಿ?" ಎಂದು ತಗಡು ಬಡಿಯುತ್ತಿದ್ದಳು. ಬಾಡಿಗೆ ಕೊಟ್ಟರೂ ಹೋಗುತ್ತಿರಲಿಲ್ಲ. ಹೊಸ್ತಿಲ ಮೇಲೆ ಕುಳಿತು, "ಒಬ್ರ ಅದೀರಂತ ಉಪಾಸ ಮಲಗಬ್ಯಾಡ್ರಿ" ಎಂದು ಬುದ್ಧಿ ಹೇಳುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಸಂಘ ಕಟ್ಟಿ ಎಲ್ಲರೂ ಸೇರಿ ಆ ಜಾಗ ಕೊಳ್ಳೋಣವೆಂದು ಶೆಡ್ಡಿನಿಂದ ಶೆಡ್ಡಿಗೆ ತಿರುಗಿದವನು ನಾನೇ. ಕೊಂಡೆವು. ಸುಣ್ಣದ ಗೆರೆ ಎಳೆದು ಹಂಚಿಕೊಂಡೆವು. ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮುದುಕಿ, "ಇನ್ನ ನನ್ನ ಕಾಟ ಇಲ್ಲ ಬಿಡ್ರಿ" ಎಂದಳು. ಸದ್ಯ, ಅಂದುಕೊಂಡೆ.

ಮುಂದಿನ ತಿಂಗಳು, ಆಕೆ ಬಾಡಿಗೆ ಕೇಳಲು ಬರುತ್ತಿದ್ದ ದಿನಗಳಲ್ಲೇ ನನಗೆ ಜ್ವರ ಹಿಡಿಯಿತು. ನಾಲ್ಕು ದಿನ ನನ್ನ ಸ್ವಂತ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದೆ. ಹೊರಗೆ ಇಟ್ಟಿಗೆ ಇಳಿಸುವ ಸದ್ದು ಕೇಳುತ್ತಿತ್ತು. ತಗಡು ಮಾತ್ರ ಯಾರೂ ಬಡಿಯಲಿಲ್ಲ. ಐದನೆಯ ದಿನ ಹೇಗೋ ಎದ್ದು ಬಾಗಿಲು ತೆರೆದೆ. ಸುಣ್ಣದ ಗೆರೆಯ ಮೇಲೆ ಕಾಂಪೌಂಡ್ ಕಟ್ಟಿಸುತ್ತಿದ್ದ ಪಕ್ಕದವನು ತಿರುಗಿ ನೋಡಿ ಕೇಳಿದ:

"ಊರಿಂದ ಯಾವಾಗ ಬಂದ್ರಿ?"