ಕಣ ದಾಟಿದ ಕಾರು

ಹಾಲೇಶನ ಶಿವಗಣಾರಾಧನೆಯ ದಿನ ಊಟದ ಪಂಕ್ತಿಯಲ್ಲಿ ಅವನ ಅಣ್ಣ ಸಿದ್ದಬಸಪ್ಪ ಪಕ್ಕದವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. “ನಮ್ಮ ಹಾಲೇಶಂಗೆ ಕಾರಿನ ಹುಚ್ಚು. ಆ ಹುಚ್ಚೇ ಮನೆ ಕೆಡಿಸ್ತು ನೋಡಿ.” ನಾನು ಎಲೆ ಬಿಟ್ಟು ಎದ್ದೆ. ಸತ್ತವನು ತಿರುಗಿ ಮಾತಾಡುವುದಿಲ್ಲ. ಹಾಲೇಶ ಬದುಕಿದ್ದಾಗಲೂ ತಿರುಗಿ ಮಾತಾಡಿದವನಲ್ಲ. ಹಾಗಾಗಿ ಅವನ ಕಾರಿನ ಕಥೆಯನ್ನು ನಾನೇ ಬರೆಯಬೇಕಾಗಿದೆ. ಸಿದ್ದಬಸಪ್ಪ ನನಗಿಂತ ಹಿರಿಯ; ಆದರೂ ಬಹುವಚನ ಹಾಕಲು ಮನಸ್ಸಿಲ್ಲ.

ಹಾಲೇಶ ವಸ್ತಾರೆಯ ಆಚೆಗಿನ ಸಣ್ಣ ಕಾಫಿ ಬೆಳೆಗಾರ. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ರಸ್ತೆ ಬದಿಯ ಮನೆ ಅಣ್ಣನಿಗೆ, ಹಿಂದಿನ ಮನೆ ತಮ್ಮನಿಗೆ. ನಡುವೆ ಕಾಫಿ ಒಣಗಿಸುವ ಸಿಮೆಂಟಿನ ಕಣ. ಆ ಇಳಿಜಾರಿನಲ್ಲಿ ಸಮತಟ್ಟಾದ ಜಾಗ ಅದೊಂದೇ ಆದ್ದರಿಂದ ಅದನ್ನು ಮಾತ್ರ ಇಬ್ಬರಿಗೂ ಸೇರಿದ್ದೆಂದು ಉಳಿಸಿಕೊಂಡರು. ಹಾಲೇಶ ರಸ್ತೆಗೆ ಬರಬೇಕಾದರೆ ಕಣ ದಾಟಲೇಬೇಕು. ಅವರ ಅವ್ವನನ್ನು ಯಾರೂ ಪಾಲಿನ ಮಾತಿನಲ್ಲಿ ತಂದಿರಲಿಲ್ಲ. ಅವರು ತಮ್ಮ ಸೀರೆಯ ಗಂಟು ಹಿಡಿದು ತಾವಾಗಿಯೇ ಹಿಂದಿನ ಮನೆಗೆ ನಡೆದರು.

ಅವ್ವನ ಕಿಡ್ನಿ ಕೈಕೊಟ್ಟಿತು. ವಾರಕ್ಕೆರಡು ಸಲ ಚಿಕ್ಕಮಗಳೂರಿಗೆ ಡಯಾಲಿಸಿಸ್. ಸಿದ್ದಬಸಪ್ಪನ ಜೀಪಿತ್ತು; ಒಂದು ಸಲ ಕರೆದುಕೊಂಡು ಹೋದ. ಎರಡನೆಯ ಸಲ, “ಜೀಪು ತೋಟದ ಕೆಲಸಕ್ಕೆ ಇರೋದು ಮಾರಾಯ. ಬಸ್ಸಿಲ್ವಾ?” ಎಂದ. ಬಸ್ಸಿತ್ತು. ಅದರ ಮೆಟ್ಟಿಲು ಹತ್ತುವ ಕಾಲು ಅವ್ವನಿಗಿರಲಿಲ್ಲ.

ಹಾಲೇಶನ ‘ಕಾರಿನ ಹುಚ್ಚು’ ಎಂಥದ್ದೆಂದು ನಾನು ಶೋರೂಮಿನಲ್ಲಿ ಕಂಡಿದ್ದೇನೆ. ಅವ್ವನನ್ನೂ ಕರೆದುಕೊಂಡು ಹೋಗಿದ್ದ. ಮಾರುವ ಹುಡುಗಿ ಪರದೆ, ಹಾಡು, ಹಿಂದಿನ ಕ್ಯಾಮೆರಾ ಎಲ್ಲ ತೋರಿಸಿದಳು. ಇವನು ಯಾವುದನ್ನೂ ನೋಡಲಿಲ್ಲ. ಒಂದೊಂದೇ ಕಾರಿನ ಮುಂದಿನ ಬಾಗಿಲು ತೆಗೆದು, “ಅವ್ವಾ, ಕಾಲು ಒಳಗಿಡು. ನೋವಾಗ್ತದಾ?” ಎಂದು ಕೇಳಿದ. ದೊಡ್ಡ ಗಾಡಿಗಳೆಲ್ಲ ಎತ್ತರ. ಕೊನೆಗೆ ಒಂದು ಪುಟ್ಟ ಬಿಳಿ ಕಾರಿನಲ್ಲಿ ಅವ್ವ ಯಾರ ಕೈಯನ್ನೂ ಹಿಡಿಯದೆ ಕೂತರು. ಇಳಿಯಲು ಒಪ್ಪಲಿಲ್ಲ.

“ಯಾವ ಬಣ್ಣ ಬೇಕು ಸರ್?” ಹುಡುಗಿ ಕೇಳಿದಳು.

“ಅವ್ವ ಕೂತಿರೋದೇ ಸಾಕು,” ಎಂದ ಹಾಲೇಶ.

ಬಣಕಲ್ಲಿನ ನಮ್ಮ ಗೆಳೆಯರು ನಕ್ಕರು. “ಏನ್ ಮಾರಾಯ, ಜೀಪು ತರೋದು ಬಿಟ್ಟು ಕೋಳಿಗೂಡು ತಂದಿದ್ದೀಯಲ್ಲ! ನಮ್ಮ ಹೊಂಡಕ್ಕೆ ಇಳಿದ್ರೆ ಎತ್ತಿ ಜೇಬಲ್ಲಿಟ್ಕೊಂಡು ಬರಬೇಕು.” ಅವನೂ ನಕ್ಕ. ಉಳಿದ ಮಳೆಗಾಲವಿಡೀ ಆ ಕಾರು ಕಣ ದಾಟಿ ಹೋಗಿಬಂತು. ಖಾಲಿ ಕಣದಲ್ಲೇ ಹೆಂಡತಿ ಸರ್ವಮಂಗಳಾಗೆ ಓಡಿಸುವುದನ್ನು ಕಲಿಸಿದ. ಅವರು ಪಾಚಿಯ ಮೇಲೆ ಜಾರಿಸಿ ಕಟ್ಟೆಗೆ ಗುದ್ದಿದಾಗ, “ಪರವಾಗಿಲ್ಲ, ಕಟ್ಟೆಗೆ ಏನೂ ಆಗಿಲ್ಲ,” ಎಂದನಂತೆ.

ಕಾರು ತಂದದ್ದು ಶ್ರಾವಣದಲ್ಲಿ. ಹುಟ್ಟಿದಾಗಿನಿಂದ ಕಾಫಿಯಲ್ಲೇ ಬದುಕಿದವನು ಒಂದು ಸಂಗತಿಯನ್ನು ಮರೆತಿದ್ದ: ಕೊಯ್ಲು ಶುರುವಾದರೆ ಕಣದ ತುಂಬ ಕಾಫಿ ಹರಡಿರುತ್ತದೆ. ನಮ್ಮ ಕಡೆ ಕಣಕ್ಕೆ ಚಪ್ಪಲಿ ಹಾಕಿಕೊಂಡು ಯಾರೂ ಇಳಿಯುವುದಿಲ್ಲ. ಒಣಗುತ್ತಿರುವ ಕಾಫಿಯನ್ನು ಎಷ್ಟೇ ಅವಸರವಿದ್ದರೂ ಬರಿಗಾಲಿನಲ್ಲಿ, ನೆಲ ಸವರಿಕೊಂಡೇ ದಾಟಬೇಕು.

ಮೊದಲು ಸಿದ್ದಬಸಪ್ಪ ಒಂದು ಗಾಡಿ ಹೋಗುವಷ್ಟು ದಾರಿ ಬಿಟ್ಟ. ಆಮೇಲೆ ಪೇಟೆಯ ವ್ಯಾಪಾರಿ ಅವನ ಕಾಫಿಯನ್ನು ಮೂಸಿ, “ಎಣ್ಣೆ ವಾಸನೆ ಇದೆಯಲ್ಲ ಗೌಡ್ರೇ,” ಎಂದು ಹಿಂದಕ್ಕೆ ಕಳಿಸಿದ. ಕಾಫಿ ವಾಸನೆ ಹೀರುತ್ತದೆ, ನಿಜ. ಕಣದ ಮೂಲೆಯಲ್ಲಿ ಸಿದ್ದಬಸಪ್ಪನದೇ ಹಳೆಯ ಡೀಸೆಲ್ ಇಂಜಿನ್ ವರ್ಷಗಳಿಂದ ಸೋರುತ್ತಾ ನಿಂತಿದೆ, ಅದೂ ನಿಜ. ಅವನಿಗೆ ಕಂಡದ್ದು ಕಾರು ಮಾತ್ರ.

“ಚಪ್ಪಲಿ ಬಿಟ್ಟು ಇಳಿಯೋ ಕಣಕ್ಕೆ ಟಯರ್ ಇಳಿಸ್ತೀಯಾ? ಅಪ್ಪ ಇದ್ದಿದ್ರೆ ಹೀಗೆ ಮಾಡ್ತಿದ್ಯಾ?”

“ಅವ್ವಂಗೆ ನಡೆಯೋಕಾಗಲ್ಲ ಅಣ್ಣಾ.”

“ರಸ್ತೆ ಬದಿ ನಿಲ್ಸು. ಹೊತ್ಕೊಂಡು ಹೋಗು.”

ರಸ್ತೆ ಬದಿ ನಿಲ್ಲಿಸಿದ. ಆ ತಿರುವಿನಲ್ಲಿ ಮರ ಸಾಗಿಸುವ ಲಾರಿ ಕಾರಿನ ಕನ್ನಡಿ ಕಿತ್ತುಕೊಂಡು ಹೋಯಿತು. ಡಯಾಲಿಸಿಸ್ ಮುಗಿಸಿ ಬಂದ ಅವ್ವ ಕಣದ ಮಧ್ಯೆ ಕುಸಿದು, ಕಾಫಿಯ ಮೇಲೆ ಮಲಗಿದರು. ಹಿರಿಯ ಮಗ ಜಗಲಿಯಿಂದ ಆಳನ್ನು ಕೂಗಿದ, ಕಾಫಿ ಸರಿಮಾಡಲು. ಕಾರು ಮತ್ತೆ ಹಿಂದಿನ ಮನೆಗೆ ಬಂತು. ಅಂದಿನಿಂದ ಆಸ್ಪತ್ರೆಯ ದಿನಗಳಲ್ಲಿ ಸಿದ್ದಬಸಪ್ಪ ಗೋಡೆಯಿಂದ ಗೋಡೆಗೆ ಕಾಫಿ ಹರಡಿಸತೊಡಗಿದ.

ಹಾಲೇಶ ಮಾಡಿದ್ದಿಷ್ಟು: ಕಾಫಿ ಎಳೆಯುವ ಮರದ ಗೋರುಮಣೆ ಹಿಡಿದು, ಬರಿಗಾಲಿನಲ್ಲಿ ಇಳಿದು, ಟಯರಿನ ಅಗಲಕ್ಕೆ ಎರಡು ಸಾಲು ಬಿಡಿಸುವುದು. ಕಾರು ದಾಟಿಸಿ ರಸ್ತೆಯಲ್ಲಿ ನಿಲ್ಲಿಸುವುದು. ಅವ್ವನನ್ನು ಕಾರಿನಲ್ಲೇ ಬಿಟ್ಟು ಹಿಂದಕ್ಕೆ ಬಂದು ಆ ಸಾಲುಗಳನ್ನು ಮೊದಲಿನಂತೆ ಮುಚ್ಚುವುದು. ಸಂಜೆ ಬರುವಾಗ ಮತ್ತೆ ಅದೇ. ಜಗಲಿಯಲ್ಲಿ ಅಣ್ಣ ಎಲೆಯಡಿಕೆ ಮೆಲ್ಲುತ್ತಾ ನೋಡುತ್ತಿದ್ದ. ಕೊಯ್ಲಿನ ಕಾಲವೆಲ್ಲ ಹೀಗೇ. ಒಂದು ಕಾಳೂ ಒಡೆಯಲಿಲ್ಲ.

“ಒಂದು ಸಲ ಹತ್ತಿಸಿಬಿಡೋ, ಬುದ್ಧಿ ಬರ್ತದೆ,” ಎಂದೆ.

“ಕಾಫಿ ಏನು ಮಾಡ್ತು ಮಾರಾಯ?” ಎಂದ.

ಇಂಥ ಒಳ್ಳೆಯತನದ ಮೇಲೆ ನನಗೆ ಈಗಲೂ ಸಿಟ್ಟಿದೆ.

ಈ ಸಲದ ರೊಬಸ್ಟಾ ಕೊಯ್ಲಿನಲ್ಲಿ, ತೋಟದಲ್ಲಿ ಆಳುಗಳ ಜೊತೆ ಕಾಫಿ ಕುಡಿಯಲು ಗಿಡದ ಬುಡದಲ್ಲಿ ಕೂತ ಹಾಲೇಶ ಏಳಲಿಲ್ಲ. ಎದೆ ನಿಂತಿತ್ತು. ಸಂಜೆಗೆ ಮುಂಚೆ ತೋಟದ ಅಂಚಿನಲ್ಲಿ ಮಣ್ಣು ಮಾಡಿದೆವು. ಮಾರನೆಯ ದಿನ ಅವ್ವನ ಡಯಾಲಿಸಿಸ್. ಮಗ ಹೋದನೆಂದು ಯಂತ್ರ ಕಾಯುವುದಿಲ್ಲ.

ಬೆಳಿಗ್ಗೆ ನಾನು ಹೋದಾಗ ಕಣದ ತುಂಬ ಕಾಫಿ ಹರಡಿತ್ತು. ಗೋಡೆಯಿಂದ ಗೋಡೆಗೆ.

“ಇವತ್ತಾದ್ರೂ ಬಿಡಬಹುದಿತ್ತಲ್ಲ?” ಎಂದೆ.

“ಮುಚ್ಚಿಟ್ರೆ ಬೂಸ್ಲು ಬರ್ತದೆ. ಕಾಫಿಗೆ ಸಾವು ಗೊತ್ತಾಗ್ತದೇನ್ರೀ?” ಎಂದ ಸಿದ್ದಬಸಪ್ಪ.

ಸರ್ವಮಂಗಳಾ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರು. ಅತ್ತು ಅತ್ತು ಕಣ್ಣು ಊದಿತ್ತು. ನಾನು ಚಪ್ಪಲಿ ಬಿಟ್ಟು ಗೋಡೆಗೆ ಒರಗಿದ್ದ ಗೋರುಮಣೆ ಎತ್ತಿಕೊಂಡೆ.

“ಬಿಡಿ ಅಣ್ಣಾ,” ಎಂದರು. “ಅದು ಅವರು ಮಾಡ್ತಿದ್ದ ಕೆಲಸ. ನನಗೆ ಬೇಡ. ಬನ್ನಿ, ಹತ್ತಿ.”

ಗೋರುಮಣೆಯನ್ನು ಮತ್ತೆ ಗೋಡೆಗೊರಗಿಸಿ ಹಿಂದಿನ ಸೀಟಿನಲ್ಲಿ ಕೂತೆ. ಕಾರು ಕಣಕ್ಕಿಳಿಯಿತು. ಒಣಗಿದ ಹಣ್ಣು ಟಯರಿನಡಿ ಚಟಪಟನೆ ಒಡೆಯತೊಡಗಿತು. ಸರ್ವಮಂಗಳಾ ವೇಗ ಹೆಚ್ಚಿಸಲೂ ಇಲ್ಲ, ಇಳಿಸಲೂ ಇಲ್ಲ. ಸಿದ್ದಬಸಪ್ಪ ಜಗಲಿಯಿಂದ ಹಾರಿ ಕೈಬೀಸುತ್ತಾ ಕಾರಿಗೆ ಅಡ್ಡ ಓಡಿಬಂದ.

“ಏಯ್! ನಿಲ್ಸು! ಕಣ್ಣು ಕಾಣಲ್ವಾ ನಿಂಗೆ?”

ಕಾರು ಅವನ ಎದುರು ನಿಂತಿತು. ಅವ್ವ ಗಾಜು ಇಳಿಸಿದರು. ಮಣ್ಣಾದ ಮಗನಿಗಾಗಿ ರಾತ್ರಿಯಿಡೀ ಕೂಗಿದ ಗಂಟಲು, ಮಾತು ಗೊಗ್ಗರಾಗಿತ್ತು.

“ಚಪ್ಪಲಿ ಬಿಟ್ಟು ಇಳಿಯೋ ಕಣ ಕಣಪ್ಪ ಇದು.”

ಸಿದ್ದಬಸಪ್ಪ ಕಾಲು ನೋಡಿಕೊಂಡ. ಚಪ್ಪಲಿಯಿತ್ತು. ಪಕ್ಕಕ್ಕೆ ಸರಿದ.

ಅವನು ಸೋತನೆಂದಾಗಲಿ, ಕರಗಿದನೆಂದಾಗಲಿ ತಿಳಿಯಬೇಡಿ. ಕಣದ ಮೇಲೆ ಕಾರು ಬಾರದಂತೆ ಮಾಡಲು ವಕೀಲರನ್ನು ಹುಡುಕುತ್ತಿದ್ದಾನೆ. ಪಂಕ್ತಿಯಲ್ಲಿ ಹೇಳಿದ್ದನ್ನು ಈಗ ಊರಲ್ಲೆಲ್ಲ ಹೇಳುತ್ತಿದ್ದಾನೆ. ಸರ್ವಮಂಗಳಾ ವಾರಕ್ಕೆರಡು ಸಲ ಕಣ ದಾಟುತ್ತಿದ್ದಾರೆ.

ಅಂದು ಸಂಜೆ ನಾವು ಹಿಂದಿರುಗಿದಾಗ ಟಯರಿನ ಎರಡು ಗೆರೆಗಳು ಪುಡಿಯಾದ ಕಾಫಿಯ ನಡುವೆ ಹಾಗೇ ಇದ್ದವು. ಗೋರುಮಣೆಯೂ ಬೆಳಿಗ್ಗೆ ನಾನಿಟ್ಟಲ್ಲೇ ಇತ್ತು. ಹಾಲೇಶನಾಗಿದ್ದರೆ ಇಳಿದು ಮುಚ್ಚುತ್ತಿದ್ದ.

ನಾನು ಮುಚ್ಚಲಿಲ್ಲ.