ಕಾಕಾ ತಂದ ಸಮುದ್ರದ ನೀರು

ಮೊನ್ನೆ ಹಿತ್ತಲು ಸ್ವಚ್ಛ ಮಾಡುವಾಗ ಹಳೆಯ ನೀಲಿ ಕ್ಯಾನೊಂದರ ಮುಚ್ಚಳ ತೆಗೆದೆ. ಒಣಗಿದ ಉಪ್ಪಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಕಾಕಾ ನೆನಪಾದರು...

ದಾಂಡೇಲಿಯ ಮಿಲ್ಲಿನ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ನನ್ನ ಸಮುದ್ರಮೀನಿನ ತೊಟ್ಟಿಗೆ ಅವರೇ ಗುರು. ನೀರು ಆವಿಯಾಗಿ ತಗ್ಗಿದರೆ ಸಿಹಿನೀರಷ್ಟೇ ಹಾಕಬೇಕು, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ; ನೀರು ಬದಲಿಸುವಾಗ ಮಾತ್ರ ಹೊಸ ನೀರಿನ ಉಪ್ಪು ಹಳೆಯದಕ್ಕೆ ಹೊಂದಬೇಕು ಎಂದು ಕಲಿಸಿದ್ದರು. ನೀರಿನ ಉಪ್ಪು ಅಳೆಯಲು ಮುಳ್ಳಿನ ಮಾಪಕ ಕೊಡಿಸಿದ್ದರು.

"ಅವಸರ ಮಾಡಬ್ಯಾಡ ಯವ್ವಾ. ಮುಳ್ಳು ಸರಿ ಬಂದಮ್ಯಾಲ ಸಣ್ಣಗ ಸುರುವು."

ಎರಡು ವಾರಕ್ಕೊಮ್ಮೆ ಬಸ್ಸಿನಲ್ಲಿ ಅಣಶಿ ಘಟ್ಟ ಇಳಿದು ಕಾರವಾರದಿಂದ ಕ್ಯಾನಿನಲ್ಲಿ ಸಮುದ್ರದ ನೀರು ತಂದುಕೊಡುತ್ತಿದ್ದರು. ಬೇಡವೆಂದರೂ ಕೇಳುತ್ತಿರಲಿಲ್ಲ.

ಒಂದು ಚಳಿಗಾಲ ಮೊದಲು ಸಿಗಡಿಗಳು ಸತ್ತವು. ಆಮೇಲೆ ಕಿತ್ತಳೆ ಬಣ್ಣದ ಜೋಡಿಮೀನಿನಲ್ಲಿ ಒಂದು. ಕಾಕಾ ದಿನಾ ಸಂಜೆ ಬಂದು ತೊಟ್ಟಿಯ ಮುಂದೆ ಕೂರುತ್ತಿದ್ದರು.

"ನೀ ಗಡಬಡಿ ಮಾಡಿ ಸುರುವೀದಿ ಕಾಣಸ್ತೈತಿ. ಮೀನಕ್ಕ ತಡಕೊಳ್ಳಾಕ ಆಗಿಲ್ಲ."

ನಂಬಿದೆ. ಮೂರು ಮೂರು ಸಲ ಅಳೆದೆ, ಲೋಟದಲ್ಲಿ ಹನಿಹನಿಯಾಗಿ ಸುರಿದೆ. ಮುಳ್ಳು ಪ್ರತಿಸಲವೂ ಸರಿಯಾಗಿಯೇ ಇತ್ತು. ಉಳಿದೊಂದು ಮೀನೂ ತೇಲಿತು. ಅಂದು ನನ್ನ ಕೈಯನ್ನೇ ಶಪಿಸಿಕೊಂಡು ಅತ್ತೆ.

ಮರುದಿನ ಖಾಲಿ ಕ್ಯಾನು ಕೊಡಲು ಅವರ ಹಿತ್ತಲಿಗೆ ಹೋದೆ. ಕಾಕಾ ನಳದ ನೀರಿಗೆ ಅಡುಗೆ ಉಪ್ಪಿನ ಪಾಕೀಟು ಹರಿದು ಸುರಿಯುತ್ತಿದ್ದರು. ಇನ್ನೊಂದು ಕೈಯಲ್ಲಿ ಮಾಪಕ.

"ಇದೇನ್ರೀ ಕಾಕಾ?"

"ಘಟ್ಟ ಇಳಿಯೂದು ಆಗವಲ್ದವಾ, ತಲಿ ತಿರಗತೈತಿ..." ಎಂದು ತಡವರಿಸಿದರು. ಆಮೇಲೆ ದನಿ ಬಿಗಿಯಾಯಿತು. "ಆದ್ರ ಮುಳ್ಳು ಸರೀನ ತೋರಸ್ತೈತಿ, ನೋಡು."

ತೋರಿಸದೆ ಏನು? ನೀರು ಎಷ್ಟು ಭಾರವೆಂದಷ್ಟೇ ಅದಕ್ಕೆ ಗೊತ್ತು. ಸಮುದ್ರದಲ್ಲಿ ಬರೀ ಉಪ್ಪಲ್ಲ, ಮೀನಿನ ಜೀವಕ್ಕೆ ಬೇಕಾದ ಇನ್ನೂ ಏನೇನೋ ಇರುತ್ತದೆ ಎಂಬುದು ಲ್ಯಾಬಿನಲ್ಲಿ ಜೀವಮಾನ ಕಳೆದವರಿಗೆ ಗೊತ್ತಿರಲಿಲ್ಲವೇ?

ತಲೆಸುತ್ತು ಎಂದಿದ್ದರೆ ನಾನೇ ಹೋಗಿ ತರುತ್ತಿದ್ದೆ. ಸುಳ್ಳನ್ನೂ ಮರೆಯುತ್ತಿದ್ದೆನೇನೋ. ಆದರೆ ದಿನಾ ಸಂಜೆ ನನ್ನೆದುರಿಗೇ ಕೂತು, ಎಲ್ಲ ಗೊತ್ತಿದ್ದೂ, ತಪ್ಪನ್ನು ನನ್ನ ಮೇಲೆ ಹೊರಿಸಿದರಲ್ಲ...

ಅಂದಿನಿಂದ ನಮ್ಮಿಬ್ಬರ ಮಾತುಕತೆ ನಿಂತಿತು. ಮುಂದಿನ ವರ್ಷ ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಒಂದು ತಾಸು ಪಕ್ಕದಲ್ಲಿ ಕೂತೆ, ಒಂದೇ ಒಂದು ಮಾತಿಗಾಗಿ.

"ಈಗ ಮೀನ ಸಾಕೀಯೇನವಾ?"

"ಇಲ್ರೀ."

ಅವರು ಗೋಡೆಯ ಕಡೆ ತಿರುಗಿದರು. ಅದೇ ವಾರ ಹೋಗಿಬಿಟ್ಟರು.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ತಪ್ಪು ನಿನ್ನದಲ್ಲ ಎಂದು ನನಗೆ ಹೇಳಬಹುದಾಗಿದ್ದವರು ಅವರೊಬ್ಬರೇ.